‘ಹೆಚ್ಚುವರಿ’ ಅಲ್ಲದ ಎರಡನೆಯ ಗೇಟ್‌ವೇ: ಯಾವ ಪದ ಸರಿ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಜೊತೆಗೆ ಇಟ್ಟ ಇನ್ನೊಂದನ್ನು ಯಂತ್ರಗಳ ಲೋಕದಲ್ಲಿ ‘ರಿಡಂಡೆಂಟ್’ ಎನ್ನುತ್ತಾರೆ. ಆ ಮಾತಿಗೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ನಿಘಂಟುಗಳಲ್ಲಿ ಸಿಗುವ ಅರ್ಥಗಳನ್ನು ನೋಡಿದ್ದೇನೆ, ಅವುಗಳಲ್ಲಿ ಒಂದನ್ನು ಬಳಸಿ ಪೆಟ್ಟೂ ತಿಂದಿದ್ದೇನೆ. ಆ ಪೆಟ್ಟಿನ ಕಥೆಯನ್ನೇ ಮೊದಲು ಹೇಳುತ್ತೇನೆ.

ಬೆಂಗಳೂರಿನ ಒಂದು ಸಂಸ್ಥೆಯ ಸರ್ವರ್ ಕೋಣೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಲೆಕ್ಕಪತ್ರಗಳನ್ನೆಲ್ಲ ಇಟ್ಟುಕೊಂಡ ಡಿಸ್ಕ್‌ಗಳು ಒಂದು ಕಡೆ ಇವೆ, ಅವುಗಳನ್ನು ಬಳಸುವ ಸರ್ವರ್‌ಗಳು ಇನ್ನೊಂದು ಕಡೆ ಇವೆ. ನಡುವೆ ಎರಡು ಗೇಟ್‌ವೇ ಯಂತ್ರಗಳು. ಸರ್ವರ್‌ಗಳು ಐ-ಸ್ಕಜಿ ಎಂಬ, ಬೇರೆಡೆ ಇರುವ ಡಿಸ್ಕನ್ನು ನೆಟ್‌ವರ್ಕಿನ ಮೂಲಕ ಬಳಸುವ ವಿಧಾನದಲ್ಲಿ 3260ನೆಯ ಪೋರ್ಟಿನ ಮೂಲಕ ಗೇಟ್‌ವೇಯನ್ನು ಕೇಳುತ್ತವೆ, ಗೇಟ್‌ವೇ ಒಳಗಿನ ಡಿಸ್ಕ್‌ಗಳಿಂದ ತಂದು ಕೊಡುತ್ತದೆ. ಎರಡು ಯಂತ್ರಗಳಿಗೂ ಸ್ವಂತ ವಿಳಾಸಗಳಿದ್ದರೂ ಸರ್ವರ್‌ಗಳಿಗೆ ಗೊತ್ತಿರುವುದು ಮೂರನೆಯದೊಂದು ಸಾಮಾನ್ಯ ವಿಳಾಸ ಮಾತ್ರ. ಮೊದಲನೆಯ ಯಂತ್ರ ಆ ವಿಳಾಸವನ್ನು ಹಿಡಿದುಕೊಂಡು, ತಾನು ಇದ್ದೇನೆ ಎಂದು ಸೆಕೆಂಡಿಗೊಮ್ಮೆ ಸಾರುತ್ತಿರುತ್ತದೆ. ಮೂರು ಸೆಕೆಂಡಿಗೆ ತುಸು ಮೇಲ್ಪಟ್ಟು ಆ ದನಿ ಕೇಳಿಸದಿದ್ದರೆ ಎರಡನೆಯದು ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಈ ಏರ್ಪಾಡಿಗೆ ವಿಆರ್‌ಆರ್‌ಪಿ (ವರ್ಚುವಲ್ ರೂಟರ್ ರಿಡಂಡೆನ್ಸಿ ಪ್ರೋಟೊಕಾಲ್) ಎಂದು ಹೆಸರು. ಅದರ ಎರಡನೆಯ ‘ಆರ್’ ನಾನು ಕೇಳುತ್ತಿರುವ ಪದದ್ದೇ.

ರಾತ್ರಿ ಪಾಳಿಯವರು ಕನ್ನಡದಲ್ಲಿ ಸಲೀಸಾಗಿ ಓದುತ್ತಾರೆಂದು ಕೈಪಿಡಿಯನ್ನು ಕನ್ನಡದಲ್ಲೇ ಬರೆದೆ, ಯಂತ್ರಗಳ ಮೇಲೂ ಕನ್ನಡದ ಚೀಟಿ ಅಂಟಿಸಿದೆ. ಮೊದಲನೆಯದರ ಮೇಲೆ ‘ಮುಖ್ಯ ಗೇಟ್‌ವೇ’, ಎರಡನೆಯದರ ಮೇಲೆ ‘ಹೆಚ್ಚುವರಿ ಗೇಟ್‌ವೇ’. ಒಂದು ದಿನ ಯುಪಿಎಸ್ ದುರಸ್ತಿಗೆ ಬಂದವರಿಗೆ ಒಂದು ಪ್ಲಗ್ ತೂರಿಸಲು ಜಾಗ ಬೇಕಾಯಿತು. ಚೀಟಿ ಓದಿದರು. ಹೆಚ್ಚುವರಿ ಎಂದಿದೆಯಲ್ಲ ಎಂದು ಅದರ ತಂತಿಯನ್ನು ಕಿತ್ತು ತಮ್ಮದನ್ನು ಸಿಕ್ಕಿಸಿದರು, ಹೋಗುವಾಗ ಹಿಂದಕ್ಕೆ ಹಾಕುವುದನ್ನು ಮರೆತರು. ಆಗ ಏನೂ ಆಗಲಿಲ್ಲ, ಏಕೆಂದರೆ ಮೊದಲನೆಯದು ನಡೆಯುತ್ತಿತ್ತು. ನಮ್ಮ ಎಚ್ಚರಿಕೆಯ ವ್ಯವಸ್ಥೆ ಸಾಮಾನ್ಯ ವಿಳಾಸವನ್ನಷ್ಟೇ ವಿಚಾರಿಸುತ್ತಿತ್ತು, ಅಲ್ಲಿಂದ ಉತ್ತರ ಬರುತ್ತಲೇ ಇತ್ತು. ನಾಲ್ಕನೆಯ ದಿನ ಮೊದಲನೆಯ ಯಂತ್ರದ ವಿದ್ಯುತ್ ಪೆಟ್ಟಿಗೆ ಸುಟ್ಟಿತು. ಹಣ ಕಟ್ಟಲು ಬಂದವರು ಸಾಲಿನಲ್ಲಿ ನಿಂತಿರುವಾಗಲೇ ಪರದೆಗಳೆಲ್ಲ ಸ್ತಬ್ಧವಾದವು. ಓಡಿಹೋಗಿ ನೋಡಿದರೆ ಎರಡನೆಯ ಯಂತ್ರದಲ್ಲಿ ಒಂದು ದೀಪವೂ ಇಲ್ಲ, ‘ಹೆಚ್ಚುವರಿ’ ಎಂಬ ನನ್ನ ಕೈಬರಹ ಮಾತ್ರ ಇತ್ತು.

ಎಚ್ಚರಿಕೆಯ ವ್ಯವಸ್ಥೆಯನ್ನು ಅಂದೇ ತಿದ್ದಿದೆ. ಈಗ ಎರಡೂ ಯಂತ್ರಗಳ ಸ್ವಂತ ವಿಳಾಸಗಳನ್ನು ಬೇರೆಬೇರೆಯಾಗಿ ವಿಚಾರಿಸುತ್ತದೆ. ಪದವನ್ನು ತಿದ್ದುವುದು ಬಾಕಿ ಇದೆ.

ತಂತಿ ಕಿತ್ತವರನ್ನು ನಾನು ದೂರುವುದಿಲ್ಲ. ನಮ್ಮ ಆಡಳಿತದ ಕನ್ನಡದಲ್ಲಿ ‘ಹೆಚ್ಚುವರಿ’ ಎಂಬುದಕ್ಕೆ ಎರಡು ಮುಖಗಳಿವೆ. ‘ಹೆಚ್ಚುವರಿ ಜಿಲ್ಲಾಧಿಕಾರಿ’ ಎಂದಾಗ ಅದು ಗೌರವದ ಹುದ್ದೆ. ‘ಹೆಚ್ಚುವರಿ ಶಿಕ್ಷಕರು’ ಎಂದಾಗ, ಈ ಶಾಲೆಗೆ ಬೇಕಾದುದಕ್ಕಿಂತ ಹೆಚ್ಚಾಗಿರುವವರು, ಬೇರೆಡೆಗೆ ಕಳುಹಿಸಬೇಕಾದವರು ಎಂದೇ ಅರ್ಥ. ಯಂತ್ರದ ಮೇಲೆ ಓದಿದವರಿಗೆ ಎರಡನೆಯ ಅರ್ಥವೇ ಹೊಳೆಯುವುದು ಸಹಜ. ಇಂಗ್ಲಿಷಿನಲ್ಲೂ ಇದೇ ತೊಡಕಿದೆ. ‘ರಿಡಂಡೆಂಟ್’ನ ಮೂಲದ ಲ್ಯಾಟಿನ್ ಪದಕ್ಕೆ ಉಕ್ಕಿ ಹರಿ ಎಂಬ ಅರ್ಥವಿದೆ. ಬ್ರಿಟನ್ನಿನಲ್ಲಿ ಕೆಲಸ ಕಳೆದುಕೊಂಡವನನ್ನು ಇಂದಿಗೂ ಅದೇ ಮಾತಿನಿಂದ ಕರೆಯುತ್ತಾರೆ. ಆದರೆ ಡಿಸ್ಕ್‌ಗಳ ಲೋಕದಲ್ಲಿ, 1988ರಲ್ಲಿ ಬರ್ಕ್ಲಿಯ ಸಂಶೋಧಕರು ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ‘ರೇಡ್’ ಎಂಬ ಏರ್ಪಾಡಿನ ಹೆಸರಿನ ಮೊದಲ ಅಕ್ಷರವಾಗಿ ಅದನ್ನೇ ಇಟ್ಟುಕೊಂಡರು, ಅಲ್ಲಿ ಅದು ಒಳ್ಳೆಯ ಗುಣದ ಹೆಸರಾಯಿತು. ನಮ್ಮಲ್ಲಿ ಹಾಗೆ ಆಗಿಲ್ಲ. ‘ಪುನರುಕ್ತ’ ಎಂದರೆ ಕಾವ್ಯದೋಷವೇ ನೆನಪಾಗುತ್ತದೆ. ‘ಅನಾವಶ್ಯಕ’ ಎಂದು ಕೊಡುವ ನಿಘಂಟುಗಳೂ ಇವೆ. ಅದನ್ನು ಅಂಟಿಸಿದ್ದರೆ ಯಂತ್ರವೇ ಗುಜರಿಗೆ ಹೋಗುತ್ತಿತ್ತು.

‘ಮೀಸಲು’ ಎಂಬುದನ್ನು ಯೋಚಿಸಿದೆ. ಮೀಸಲು ಪೊಲೀಸ್ ಪಡೆ ಎಂದಾಗ ಕರೆದಾಗ ಬರುವವರು ಎಂಬ ಭಾವವಿದೆ, ಅದು ಹೊಂದುತ್ತದೆ. ಆದರೆ ಮೀಸಲು ಅರಣ್ಯ, ಮೀಸಲು ನಿಧಿ ಎಂದಾಗ ಮುಟ್ಟಬಾರದ್ದು, ಎತ್ತಿಟ್ಟದ್ದು ಎಂಬ ಭಾವ ಬರುತ್ತದೆ. ನಮ್ಮ ಎರಡನೆಯ ಗೇಟ್‌ವೇ ಎತ್ತಿಟ್ಟದ್ದಲ್ಲ. ಅದು ಹಗಲೂ ರಾತ್ರಿಯೂ ಉರಿಯುತ್ತಿರಬೇಕು, ಮೊದಲನೆಯದರ ದನಿಗೆ ಕಿವಿ ಕೊಟ್ಟಿರಬೇಕು. ಕಾರಿನ ‘ಸ್ಟೆಪ್ನಿ’ಯೂ ಇದೇ ಕಾರಣಕ್ಕೆ ಸರಿಹೋಗುವುದಿಲ್ಲ. ಅದು ಡಿಕ್ಕಿಯಲ್ಲಿ ಮಲಗಿರುತ್ತದೆ, ಗಾಳಿ ಇದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ.

ನನ್ನ ಮನಸ್ಸು ಒಲಿದಿರುವುದು ‘ಬದಲಿ’ ಎಂಬ ಪದಕ್ಕೆ. ನಮ್ಮ ತಂದೆ ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಕೆಲವು ವರ್ಷ ಬದಲಿ ಕಾರ್ಮಿಕರಾಗಿದ್ದರು. ಬಿನ್ನಿ, ಮಿನರ್ವ ಗಿರಣಿಗಳು ನಡೆಯುತ್ತಿದ್ದ ಕಾಲದ ಮಾತು ಅದು, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ‘ಬದಲಿ’ ಎಂಬ ಪದ ಹಾಗೆಯೇ ಇತ್ತು. ಬೆಳಗಿನ ಪಾಳಿಯ ಸೈರನ್ ಕೂಗುವ ಮೊದಲೇ ತಂದೆ ಗಿರಣಿಯ ಗೇಟಿನ ಮುಂದೆ ನಿಂತಿರುತ್ತಿದ್ದರಂತೆ, ಕೈಯಲ್ಲಿ ಊಟದ ಡಬ್ಬಿ. ಖಾಯಂ ಕೆಲಸಗಾರರಲ್ಲಿ ಯಾರು ಬಂದಿಲ್ಲ ಎಂದು ನೋಡಿ ಮೇಸ್ತ್ರಿ ಹೆಸರು ಕೂಗುತ್ತಿದ್ದ. ಕೂಗಿದ ಮರುಗಳಿಗೆ ಆ ಮಗ್ಗ ಇವರದು. ಮಗ್ಗ ಅದೇ, ನೂಲು ಅದೇ, ನೇಯುವ ಕೈ ಮಾತ್ರ ಬೇರೆ. ಬಟ್ಟೆ ಕೊಳ್ಳುವವನಿಗೆ ಇದೊಂದೂ ಗೊತ್ತಾಗುವುದಿಲ್ಲ. ಎರಡನೆಯ ಗೇಟ್‌ವೇ ಮಾಡುವುದು ತೂಕ ತಪ್ಪದೆ ಇದನ್ನೇ. ‘ಬದಲಿ’ ಎಂದು ಬರೆದಿರುವುದನ್ನು ಓದಿದವನು ಯಾರಿಗೆ ಬದಲಿ ಎಂದು ಒಮ್ಮೆಯಾದರೂ ಕೇಳುತ್ತಾನೆ, ತಂತಿ ಕೀಳುವ ಮೊದಲು ಕೇಳುತ್ತಾನೆ.

ತೊಡಕು ಇರುವುದು ಮುಂದೆ. ಬರುವ ತಿಂಗಳು ನಾವು ಈ ಏರ್ಪಾಡನ್ನು ಬದಲಾಯಿಸುತ್ತಿದ್ದೇವೆ. ಇನ್ನು ಎರಡು ಗೇಟ್‌ವೇಗಳೂ ಒಟ್ಟಿಗೆ ದುಡಿಯುತ್ತವೆ. ಸರ್ವರ್‌ಗೆ ಒಂದೇ ಡಿಸ್ಕ್ ಎರಡು ಹಾದಿಗಳಲ್ಲಿ ಕಾಣುತ್ತದೆ, ಮಲ್ಟಿಪಾತ್ ಎಂಬ ತಂತ್ರಾಂಶ ಅವೆರಡನ್ನೂ ಒಂದೇ ಎಂದು ಗುರುತಿಸಿ, ಒಂದು ಹಾದಿ ಮುಚ್ಚಿದರೆ ಇನ್ನೊಂದರಲ್ಲಿ ಸಾಗುತ್ತದೆ. (ಇಂಥ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ ಒಂದು ಮಾತು: ಲಿನಕ್ಸ್‌ನಲ್ಲಿ ಐ-ಸ್ಕಜಿ ಸಂಪರ್ಕ ಕಡಿದಾಗ, ನಾವಾಗಿ ಬದಲಾಯಿಸದಿದ್ದರೆ, 120 ಸೆಕೆಂಡು ಅದೇ ಹಾದಿಯನ್ನು ಕಾಯುತ್ತದೆ. ಪಕ್ಕದಲ್ಲಿ ಇನ್ನೊಂದು ಹಾದಿ ತೆರೆದಿದ್ದರೂ ಕಾಯುತ್ತದೆ. ಮಲ್ಟಿಪಾತ್ ಹಾಕಿದ ಮೇಲೆ ಅದನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಲು ಮರೆಯಬೇಡಿ.) ಇಲ್ಲಿ ಯಾವುದು ಯಾವುದಕ್ಕೆ ಬದಲಿ? ಎರಡೂ ಖಾಯಂ, ಎರಡೂ ಒಂದಕ್ಕೊಂದು ಬದಲಿ.

‘ಜೋಡೆತ್ತು’ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ನೊಗದಲ್ಲಿ ಒಂದು ಎತ್ತು ಮಲಗಿದರೆ ನೇಗಿಲು ನಿಂತೇಹೋಗುತ್ತದೆ. ನಮಗೆ ಬೇಕಾದುದು ಇದಕ್ಕೆ ತದ್ವಿರುದ್ಧ. ‘ಇಮ್ಮಡಿ’ ಎಂದರೆ ಬಲ ಎರಡರಷ್ಟಾಯಿತು ಎಂಬ ತಪ್ಪು ಭರವಸೆ ಹುಟ್ಟುತ್ತದೆ. ಒಂದೊಂದು ಗೇಟ್‌ವೇಯೂ ತನ್ನ ಶಕ್ತಿಯ ನೂರಕ್ಕೆ 70ರಷ್ಟು ಹೊತ್ತಿದ್ದರೆ, ಒಂದು ಬಿದ್ದಾಗ ಉಳಿದದ್ದರ ಮೇಲೆ 140 ಬಂದು ಕೂರುತ್ತದೆ, ಅದೂ ಬೀಳುತ್ತದೆ. ಅರ್ಧಕ್ಕಿಂತ ಕಡಿಮೆ ಹೊರೆಯಲ್ಲೇ ಎರಡನ್ನೂ ನಡೆಸಬೇಕು. ‘ಒತ್ತಾಸೆ’ ಎಂಬ ಹಳೆಯ ಒಳ್ಳೆಯ ಪದವೊಂದಿದೆ. ಒಂದಕ್ಕೊಂದು ಒತ್ತಾಸೆಯಾಗಿ ನಿಂತ ಗೇಟ್‌ವೇಗಳು ಎಂದು ವಾಕ್ಯದಲ್ಲಿ ಬರೆಯಬಹುದು, ಆದರೆ ಚೀಟಿಯ ಮೇಲೆ ಹಿಡಿಸುವುದಿಲ್ಲ.

ಇದರ ಜೊತೆಗೇ ‘ಫೇಲ್‌ಓವರ್’ ಕೂಡ ಬರುತ್ತದೆ, ಅಂದರೆ ಒಂದು ಯಂತ್ರ ನಿಂತಾಗ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳುವುದು. ‘ಹಸ್ತಾಂತರ’ ಎಂದು ಕೆಲವರು ಬರೆಯುತ್ತಾರೆ. ಹಸ್ತಾಂತರದಲ್ಲಿ ಕೊಡುವ ಕೈಯೂ ಇರುತ್ತದೆ, ತೆಗೆದುಕೊಳ್ಳುವ ಕೈಯೂ ಇರುತ್ತದೆ. ದುರಸ್ತಿಗೆಂದು ನಾವೇ ಮೊದಲನೆಯದನ್ನು ಇಳಿಸುವಾಗ ಆ ಪದ ಒಪ್ಪುತ್ತದೆ. ಯಂತ್ರ ತಟ್ಟನೆ ಸತ್ತಾಗ ಕೊಡುವ ಕೈಯೇ ಇಲ್ಲ. ಅದಕ್ಕೆ ‘ಹೆಗಲು ಕೊಡುವುದು’ ಎಂದು ಬರೆದಿದ್ದೆ: ಮೊದಲನೆಯದು ಬಿದ್ದರೆ ಎರಡನೆಯದು ಹೆಗಲು ಕೊಡುತ್ತದೆ. ಪಲ್ಲಕ್ಕಿ ಹೊರುವವರು ಹೆಗಲು ಬದಲಾಯಿಸುವಾಗ ದೇವರನ್ನು ನೆಲಕ್ಕೆ ಇಳಿಸುವುದಿಲ್ಲವಲ್ಲ, ಆ ಚಿತ್ರ ಮನಸ್ಸಿನಲ್ಲಿತ್ತು. ಕಚೇರಿಯ ಹಿರಿಯರೊಬ್ಬರಿಗೆ ಅದು ಹಿಡಿಸಲಿಲ್ಲ. ಹೆಗಲು ಕೊಡುವುದೆಂದರೆ ತಮಗೆ ಚಟ್ಟವೇ ನೆನಪಾಗುತ್ತದೆ ಎಂದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಆ ಪದವನ್ನು ಬಿಟ್ಟುಕೊಡಲೂ ಮನಸ್ಸಿಲ್ಲ.

‘ಗೇಟ್‌ವೇ’ಯನ್ನು ಹಾಗೆಯೇ ಬಿಡೋಣ. ಹಲಸೂರು ಗೇಟ್ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಊರಿಗೆ ಅದು ಪರಕೀಯವಲ್ಲ.

ಬಳಗದಲ್ಲಿ ನೀರು ಸರಬರಾಜಿನ, ವಿದ್ಯುತ್ತಿನ, ಆಸ್ಪತ್ರೆಯ ಕೆಲಸ ಬಲ್ಲವರು ಇದ್ದೇ ಇರುತ್ತೀರಿ. ಕಾವೇರಿಯನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಮೇಲೆತ್ತಿ ಬೆಂಗಳೂರಿಗೆ ತರುವ ಪಂಪ್‌ಮನೆಗಳಲ್ಲಿ, ಒಂದು ಕೆಟ್ಟರೆ ಓಡಲೆಂದು ಇಟ್ಟ ಪಂಪನ್ನು ಕನ್ನಡದಲ್ಲಿ ಮಾತಾಡುವ ಆಪರೇಟರ್‌ಗಳು ಏನೆಂದು ಕರೆಯುತ್ತಾರೆ? ಎರಡು ಪಂಪುಗಳು ಒಟ್ಟಿಗೆ ಓಡುತ್ತಾ ಒಂದು ನಿಂತರೂ ಸಾಗುವಂತಿದ್ದರೆ ಅದಕ್ಕೆ ಬೇರೆ ಮಾತಿದೆಯೇ? ಇದ್ದರೆ ಹೇಳಿದ ಹಾಗೆಯೇ ಬರೆದು ತಿಳಿಸಿ. ಅಲ್ಲಿಯವರೆಗೆ ಎರಡನೆಯ ಯಂತ್ರದ ಮೇಲೆ ‘ಬದಲಿ ಗೇಟ್‌ವೇ – ಸದಾ ಚಾಲೂ ಇರಬೇಕು’ ಎಂದು ಬರೆದು ಅಂಟಿಸಿದ್ದೇನೆ.