ಪದಚರ್ಚೆ: ಆಮವಾತದ ‘ಫ್ಲೇರ್’, ‘ರೆಮಿಷನ್’ ಇವಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೂ ಅವರ ಮನೆಯವರಿಗೂ ಕೊಡಬಹುದಾದ ಒಂದು ಕಿರುಹೊತ್ತಗೆಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಔಷಧಗಳ ಮತ್ತು ರಕ್ತಪರೀಕ್ಷೆಗಳ ಹೆಸರನ್ನು ವೈದ್ಯರು ಹೇಳುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕಾಗುತ್ತದೆ. ತೊಡಕಿರುವುದು ಫ್ಲೇರ್ (ಕಾಯಿಲೆ ಕೆಲಕಾಲ ಜೋರಾಗುವುದು), ರೆಮಿಷನ್ (ಕಾಯಿಲೆ ಹೆಚ್ಚುಕಡಿಮೆ ಅಡಗಿರುವುದು) ಎಂಬ ಎರಡು ಮಾತುಗಳಲ್ಲಿ. ಈ ಕಾಯಿಲೆ ಇರುವವರ ಬದುಕೆಲ್ಲ ಇವೆರಡರ ನಡುವೆಯೇ ನಡೆಯುವುದರಿಂದ ಇವನ್ನು ಬದಿಗಿಟ್ಟು ಒಂದು ಪುಟವನ್ನೂ ಬರೆಯಲಾಗುವುದಿಲ್ಲ.

ಮೊದಲು ಕಾಯಿಲೆಯ ಹೆಸರಿನ ಬಗ್ಗೆ. ನಮ್ಮ ಪತ್ರಿಕೆಗಳು ಕೀಲಿನ ಬೇನೆಗಳನ್ನೆಲ್ಲ ‘ಸಂಧಿವಾತ’ ಎಂದೇ ಕರೆಯುತ್ತವೆ. ವಯಸ್ಸಾದಂತೆ ಮಂಡಿ ಸವೆಯುವುದೂ ಸಂಧಿವಾತ, ಯೂರಿಕ್ ಆಮ್ಲದ ಹರಳುಗಳು ಹೆಬ್ಬೆರಳಿನ ಬುಡದಲ್ಲಿ ಕೂತು ಕಾಡುವ ಗೌಟ್ ಕೂಡ ಸಂಧಿವಾತ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ಕೂಡ ಸಂಧಿವಾತ. ಆಯುರ್ವೇದದವರು ಇಂದು ಸವೆತಕ್ಕೆ ಸಂಧಿಗತವಾತವನ್ನೂ ಗೌಟಿಗೆ ವಾತರಕ್ತವನ್ನೂ ರುಮಟಾಯ್ಡಿಗೆ ಆಮವಾತವನ್ನೂ ಹೊಂದಿಸುತ್ತಾರೆ. ಆಮವಾತವನ್ನು ಪ್ರತ್ಯೇಕ ರೋಗವಾಗಿ ವಿವರಿಸಿದ್ದು ಮಾಧವನಿದಾನ ಎಂಬ ಹಳೆಯ ಆಯುರ್ವೇದ ಗ್ರಂಥ. ಎರಡು ವೈದ್ಯಪದ್ಧತಿಗಳ ರೋಗಗಳು ಅಂಚಿಗೆ ಅಂಚು ಕೂಡುವುದಿಲ್ಲ ಎಂಬುದನ್ನು ಒಪ್ಪಿಯೂ ನಾನು ‘ಆಮವಾತ’ವನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಸವೆತದಿಂದ ಅದನ್ನು ಬೇರ್ಪಡಿಸಿ ತೋರಿಸುವ ಮತ್ತೊಂದು ಬಳಕೆಯ ಪದ ನನಗೆ ಸಿಕ್ಕಿಲ್ಲ. ‘ವಾತ’ ಎಂದೊಡನೆ ಮನೆಯವರು ಆಲೂಗಡ್ಡೆ, ಅವರೆಕಾಳುಗಳನ್ನು ಅಡುಗೆಮನೆಯಿಂದ ಹೊರಹಾಕುತ್ತಾರೆಂಬ ಆತಂಕವೂ ಇದೆ, ಆದರೆ ಅದಕ್ಕೆ ಹೆಸರು ಬದಲಿಸುವುದಕ್ಕಿಂತ ಒಂದು ಸಾಲಿನ ವಿವರಣೆ ಕೊಡುವುದು ಮೇಲು.

ಇನ್‌ಫ್ಲಮೇಷನ್ನಿಗೆ ‘ಉರಿಯೂತ’ ಈಗ ನೆಲೆನಿಂತ ಪದ. ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಕ್ರಿ.ಶ. 1ನೇ ಶತಮಾನದಲ್ಲಿ ಹೇಳಿದ ನಾಲ್ಕು ಲಕ್ಷಣಗಳಾದ ಕೆಂಪು, ಊತ, ಬಿಸಿ, ನೋವುಗಳಲ್ಲಿ ಎರಡು ಈ ಸಮಾಸದೊಳಗೇ ಇವೆ. ಅಷ್ಟರಮಟ್ಟಿಗೆ ಅದು ಒಳ್ಳೆಯ ಪದ. ಆದರೆ ಬೆನ್ನುಮೂಳೆಯನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಹೊರಗೆ ಕಾಣುವ ಊತವೂ ಇರುವುದಿಲ್ಲ, ಉರಿಯೂ ಇರುವುದಿಲ್ಲ. ವಿಶ್ರಾಂತಿಯಲ್ಲಿ ಹೆಚ್ಚಾಗಿ ಓಡಾಡಿದಾಗ ಕಡಿಮೆಯಾಗುವ ನೋವಷ್ಟೇ ಇರುತ್ತದೆ. ‘ನನಗೆ ಉರಿಯೇ ಇಲ್ಲವಲ್ಲ’ ಎಂದು ಅಂಥ ತರುಣನೊಬ್ಬ ಕೇಳಿದರೆ ಅವನ ಪ್ರಶ್ನೆ ನ್ಯಾಯವಾದದ್ದೇ. ಆದರೂ ಈ ಪದವನ್ನು ಕದಲಿಸುವ ಉದ್ದೇಶ ನನಗಿಲ್ಲ.

ಇನ್ನು ಫ್ಲೇರ್. ‘ಉಲ್ಬಣ’ ಎಂಬುದು ಮೇಲಕ್ಕೆ ಹೋಗುವುದನ್ನು ಹೇಳುತ್ತದೆಯೇ ಹೊರತು ಮತ್ತೆ ಕೆಳಗಿಳಿಯುವ ಸೂಚನೆಯನ್ನು ಕೊಡುವುದಿಲ್ಲ, ಆದ್ದರಿಂದ ಓದಿದವರು ಕೈಮೀರಿತೆಂದು ಗಾಬರಿಯಾಗಬಹುದು. ‘ಮರುಕಳಿಸುವಿಕೆ’ ಎಂದರೆ ಹೋದದ್ದು ತಿರುಗಿ ಬಂತು ಎಂದಾಗುತ್ತದೆ. ಆ ಮಾತು ಹೋಗದೆ ಒಳಗೇ ಇದ್ದ ಆಮವಾತಕ್ಕೆ ಸಲ್ಲುವುದಿಲ್ಲ. 2006ರ ಚಿಕೂನ್‌ಗುನ್ಯಾ ಹಾವಳಿಯ ಬಳಿಕ ತಿಂಗಳುಗಟ್ಟಲೆ ಕೀಲುನೋವು ಉಂಡವರು ‘ನೋವು ಮತ್ತೆ ಎದ್ದಿತು’ ಎನ್ನುವುದನ್ನು ಕೇಳಿದ್ದೇನೆ. ಮಲಗಿದ್ದದ್ದು ಎದ್ದಿತು ಎಂಬ ಆ ಭಾವ ಬಹಳ ಸರಿಯಾದದ್ದು, ಆದರೆ ಅದರಿಂದ ನಾಮಪದವೊಂದನ್ನು ಮಾಡಿಕೊಳ್ಳುವುದು ಕಷ್ಟ. ನನ್ನ ಮನಸ್ಸು ವಾಲಿರುವುದು ‘ಕೆರಳಿಕೆ’ಯ ಕಡೆಗೆ. ಪಿತ್ತ ಕೆರಳುತ್ತದೆ, ಹುಣ್ಣು ಕೆರಳುತ್ತದೆ, ಸಿಟ್ಟು ಕೆರಳುತ್ತದೆ. ಕೆರಳಿದ್ದು ಇಳಿಯುತ್ತದೆ ಎಂಬುದೂ ಆ ಕ್ರಿಯಾಪದದಲ್ಲಿ ಅಡಗಿದೆ. ಅದಕ್ಕಿರುವ ಆಕ್ಷೇಪವನ್ನೂ ಇಲ್ಲೇ ಹೇಳಬೇಕು. ಕೆರಳಿದೆ ಎಂದರೆ ಕೆರಳಿಸಿದ್ದು ಏನು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ, ಫ್ಲೇರಿಗಾದರೋ ಅನೇಕ ಸಲ ಕಣ್ಣಿಗೆ ಕಾಣುವ ಕಾರಣವೇ ಇರುವುದಿಲ್ಲ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ‘ಏನು ತಿಂದೆ, ಯಾಕೆ ತಣ್ಣೀರಲ್ಲಿ ಪಾತ್ರೆ ತೊಳೆದೆ’ ಎಂದು ಮನೆಯ ಹೆಂಗಸನ್ನೇ ತಪ್ಪಿತಸ್ಥಳನ್ನಾಗಿ ಮಾಡಲು ನಮ್ಮ ಪದವೊಂದು ನೆಪವಾಗಬಾರದು.

ರೆಮಿಷನ್ ಇದಕ್ಕಿಂತ ಗಡುಸು. ‘ಗುಣ’ ಎಂದು ಬರೆಯುವಂತಿಲ್ಲ, ಏಕೆಂದರೆ ಗುಣವಾದವರು ಮಾತ್ರೆ ನುಂಗುವುದಿಲ್ಲ. ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕಾದ, ಪರಿಣಾಮ ತೋರಲು 6ರಿಂದ 12 ವಾರ ಹಿಡಿಯುವ ಮೆಥೋಟ್ರೆಕ್ಸೇಟ್ ಎಂಬ ಈ ಕಾಯಿಲೆಯ ಔಷಧವನ್ನು ಕೈಬೆರಳು ಸಲೀಸಾಗಿ ಮಡಚಿದ ಮಾತ್ರಕ್ಕೆ ವೈದ್ಯರನ್ನು ಕೇಳದೆ ನಿಲ್ಲಿಸಿಬಿಟ್ಟರೆ ಕಾಯಿಲೆ ತಿರುಗಿ ಏಳುವ ಸಂಭವವೇ ಹೆಚ್ಚು. ‘ಉಪಶಮನ’ ಕೆಲವರು ಸೂಚಿಸಿದ ಪದ, ಆದರೆ ಅದು ಒಂದು ಕಡೆ ನೋವಿನೆಣ್ಣೆಯ ಜಾಹೀರಾತಿನಲ್ಲಿ ಸವೆದಿದೆ, ಇನ್ನೊಂದು ಕಡೆ ವಾಸಿಯಾಗದ ಕ್ಯಾನ್ಸರ್ ರೋಗಿಗಳ ಉಪಶಾಮಕ ಆರೈಕೆಯೊಂದಿಗೆ ಬೆಸೆದುಕೊಂಡಿದೆ. ಒಳ್ಳೆಯ ಸುದ್ದಿಯನ್ನು ಹೇಳಬೇಕಾದ ಪದ ಕೇಳುವವರ ಎದೆ ನಡುಗಿಸಿದರೆ ಪ್ರಯೋಜನವೇನು?

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಜನ ಬಳಸುವ ‘ಹತೋಟಿಯಲ್ಲಿದೆ’ ಎಂಬ ಮಾತು ನನಗೆ ಇಷ್ಟ. ಹತೋಟಿ ಎಂದರೆ ಹಿಡಿದಿಟ್ಟಿರುವುದು, ಹಿಡಿದಿರುವ ಔಷಧವನ್ನು ಬಿಟ್ಟರೆ ಹಿಡಿತವೂ ತಪ್ಪೀತು ಎಂಬ ಎಚ್ಚರ ಅದರಲ್ಲೇ ಇದೆ. ಆದರೆ ತಜ್ಞರು ರೋಗದ ಚಟುವಟಿಕೆ ಕಡಿಮೆ ಇರುವ ಹಂತವನ್ನೂ ರೆಮಿಷನ್ನನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. 2011ರಲ್ಲಿ ಅಮೆರಿಕ ಮತ್ತು ಯುರೋಪಿನ ಕೀಲುರೋಗ ತಜ್ಞರ ಸಂಘಟನೆಗಳು ಜೊತೆಯಾಗಿ ಪ್ರಕಟಿಸಿದ ಒಂದು ವ್ಯಾಖ್ಯೆಯ ಪ್ರಕಾರ ಮುಟ್ಟಿದರೆ ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ ಕೀಲೂ ಒಂದಕ್ಕಿಂತ ಹೆಚ್ಚಿರಬಾರದು, ರಕ್ತದಲ್ಲಿ ಉರಿಯೂತದ ಮಟ್ಟವನ್ನು ತೋರುವ ಸಿಆರ್‌ಪಿ ಡೆಸಿಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ತನ್ನ ಕಾಯಿಲೆಗೆ ರೋಗಿ ತಾನೇ ಕೊಡುವ ಅಂಕವೂ ಹಾಗೆಯೇ ತಗ್ಗಿರಬೇಕು. ಅಂದರೆ ರೆಮಿಷನ್ ಎನ್ನುವುದು ಸೊನ್ನೆಯಲ್ಲ, ಸೊನ್ನೆಯ ಹತ್ತಿರ. ‘ಹತೋಟಿ’ಯನ್ನು ಮೊದಲ ಹಂತಕ್ಕೆ ಕೊಟ್ಟು, ಎರಡನೆಯದಕ್ಕೆ ‘ತಣಿವು’ ಎನ್ನಬಹುದೇ? ಕೆರಳಿಕೆಯ ಎದುರಿಗೆ ತಣಿವು ಚೆನ್ನಾಗಿ ನಿಲ್ಲುತ್ತದೆ, ಆದರೆ ಹೊಟ್ಟೆ ತಣಿದ, ಆಸೆ ತಣಿದ ಅರ್ಥಗಳು ಅಡ್ಡ ಬರುತ್ತವೆಯೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ‘ತಹಬಂದಿಗೆ ಬಂದಿದೆ’ ಎಂಬ ನುಡಿಗಟ್ಟು ಇಂದಿನ ಯುವಕರಿಗೆ ಎಷ್ಟು ಪರಿಚಿತ ಎಂಬುದನ್ನೂ ತಿಳಿಯಬೇಕಾಗಿದೆ.

ಇದರೊಂದಿಗೆ ಎರಡು ಚಿಕ್ಕ ಪ್ರಶ್ನೆಗಳು. ‘ಮೂಳೆ ಸವೆತ’ವನ್ನು ಕೀಲಿನ ಸವೆತಕ್ಕೂ ಬಳಸುತ್ತೇವೆ, ಮೂಳೆಯ ಸಾಂದ್ರತೆ ಕುಗ್ಗುವ ಆಸ್ಟಿಯೊಪೊರೋಸಿಸ್‌ಗೂ ಬಳಸುತ್ತೇವೆ. ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡವರಿಗೆ ಎರಡನೆಯದರ ಅಪಾಯ ಇರುವುದರಿಂದ ಅದಕ್ಕೆ ‘ಮೂಳೆ ಟೊಳ್ಳಾಗುವುದು’ ಎಂದು ಬರೆದಿದ್ದೇನೆ, ಆಕ್ಷೇಪವಿದ್ದರೆ ತಿಳಿಸಿ. ಇನ್ನೊಂದು, ಬೆಳಗಿನ ಬಿಗಿತದ್ದು. ಎದ್ದ ಮೇಲೆ ಅರ್ಧ ಗಂಟೆಗೂ ಮೀರಿ ಬೆರಳು ಮಡಚಲಾಗದಿರುವುದು ಉರಿಯೂತದ ಮುಖ್ಯ ಸೂಚನೆಗಳಲ್ಲೊಂದು, ಸವೆತದಲ್ಲಿ ಅದು ಸಾಮಾನ್ಯವಾಗಿ ಬೇಗ ಬಿಡುತ್ತದೆ. ಇದನ್ನು ಕೆಲವರು ‘ಕೈ ಮರಗಟ್ಟುತ್ತದೆ’, ‘ಜೋಮು ಹಿಡಿಯುತ್ತದೆ’ ಎಂದು ಹೇಳಿಬಿಡುತ್ತಾರೆ, ಆಗ ವೈದ್ಯರು ನರದ ತೊಂದರೆಯೆಂದು ತಿಳಿಯುವ ಸಾಧ್ಯತೆಯಿದೆ. ಸ್ಪರ್ಶ ಸರಿಯಾಗಿದ್ದು ಕೀಲು ಮಾತ್ರ ಮಡಚದ ಸ್ಥಿತಿಗೆ ಧಾರವಾಡ, ಕಲಬುರಗಿ, ಕರಾವಳಿ, ಕೊಡಗಿನ ಕಡೆಗಳಲ್ಲಿ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಬಲ್ಲವರು ಬರೆದು ತಿಳಿಸಬೇಕೆಂದು ಕೋರುತ್ತೇನೆ. ಪದದ ಜೊತೆಗೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ಕೊಟ್ಟರೆ ಉಪಕಾರವಾಗುತ್ತದೆ.