ಸಹಾಯ ಬೇಕು: ಲಾರಿ ಹಾರ್ನ್ ಕೇಳಿದರೆ ಕೈ ನಡುಗುತ್ತದೆ

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ಮೈಸೂರಿನ ರಿಂಗ್ ರೋಡಿನಲ್ಲಿ ಸ್ಕೂಟರ್ ಸ್ಕಿಡ್ ಆಗಿ ಬಿದ್ದೆ. ಮಂಡಿ ತರಚಿತು, ಅಷ್ಟೇ. ಗಾಯ ವಾರದಲ್ಲಿ ಮಾಯಿತು, ಭಯ ಮಾತ್ರ ಹೋಗಿಲ್ಲ. ಹಿಂದಿನಿಂದ ಲಾರಿ ಹಾರ್ನ್ ಕೇಳಿದರೆ ಸಾಕು, ಎದೆ ಡವಡವ, ಅಂಗೈ ಬೆವರಿ ಹ್ಯಾಂಡಲ್ ಜಾರುತ್ತದೆ. ಈಗ ಆಫೀಸಿಗೆ ಬಸ್ಸೇ ಗತಿ. ಸ್ಕೂಟರ್ ಸೀಟಿನ ಮೇಲೆ ಬೆಕ್ಕು ಮಲಗುತ್ತದೆ.

'ಸುಮ್ನೆ ಧೈರ್ಯ ಮಾಡು' ಅನ್ನುವವರೇ ಜಾಸ್ತಿ. ಧೈರ್ಯ ಏನು ಅಂಗಡಿಯಲ್ಲಿ ಸಿಗುತ್ತಾ? ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ ಎಂದು ಓದಿ, ಬೆಳಗ್ಗೆ 6ಕ್ಕೆ ನಮ್ಮ ಬೀದಿಯಲ್ಲೇ ಎರಡು ಸುತ್ತು ಹೊಡೆಯುತ್ತಿದ್ದೇನೆ. ಅಲ್ಲಿ ಪರವಾಗಿಲ್ಲ. ದೊಡ್ಡ ರಸ್ತೆಗೆ ಇಳಿಯುವುದು ಯಾವಾಗ, ಹೇಗೆ? ಬಿದ್ದು ಮತ್ತೆ ಓಡಿಸಿದವರು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾರಾದರೂ ಫೋನ್ ಮಾಡಿದ್ದೀರಾ? ಇಷ್ಟು ಸಣ್ಣ ವಿಷಯಕ್ಕೂ ಮಾಡಬಹುದು ಅಲ್ವಾ?