ಅಪ್‌ಡೇಟ್ ಆದ ಮೇಲೆ ದಿನಾ ಬಳಸುತ್ತಿದ್ದ ಸೌಲಭ್ಯಗಳೇ ಇಲ್ಲ, ಏನು ಮಾಡೋದು?

ಕೀಲಿಮಣೆ:
ದಿನವಿಡೀ ಪಿಡಿಎಫ್ ಫೈಲುಗಳಲ್ಲಿ ಗುರುತು ಹಾಕುವ, ಟಿಪ್ಪಣಿ ಬರೆಯುವ ಕೆಲಸ ನನ್ನದು. ಬಳಸುವ ಸಾಫ್ಟ್‌ವೇರ್ ಮೊನ್ನೆ ಅಪ್‌ಡೇಟ್ ಆಯಿತು. ನನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದ ಟೂಲ್‌ಬಾರ್ ಹೋಯಿತು, ಒಂದೇ ಕೀ ಒತ್ತಿ ಹೈಲೈಟ್ ಮಾಡುತ್ತಿದ್ದ ಶಾರ್ಟ್‌ಕಟ್ ಹೋಯಿತು, ಕಣ್ಣೆದುರೇ ಇದ್ದ ಬಟನ್‌ಗಳು ಮೂರು ಚುಕ್ಕೆಯ ಮೆನುವಿನೊಳಗೆ ಸೇರಿಕೊಂಡಿವೆ. ಸೂಚನೆಯಲ್ಲಿ ‘ಭದ್ರತಾ ಸುಧಾರಣೆ’ ಅಂತ ಮಾತ್ರ ಇತ್ತು. ಭದ್ರತೆಗೂ ನನ್ನ ಟೂಲ್‌ಬಾರ್‌ಗೂ ಏನು ಸಂಬಂಧ? ಭದ್ರತೆಯದ್ದನ್ನು ಮಾತ್ರ ಹಾಕಿಕೊಂಡು ಉಳಿದದ್ದನ್ನು ಬಿಡುವ ದಾರಿ ಇದೆಯಾ?

ಕೋಡ್‌ಪ್ರಿಯ:
ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಹಳೇ ಕೋಡ್ ಬಿಟ್ಟು ಹೊಸದಾಗಿ ಬರೆಯುವಾಗ ಸಣ್ಣ ಸಣ್ಣ ಅನುಕೂಲಗಳು ಮೊದಲು ಬಿದ್ದುಹೋಗುತ್ತವೆ. ವಿಂಡೋಸ್ 11 ಅನ್ನೇ ನೋಡಿ. 2021ರಲ್ಲಿ ಬಂದಾಗ ಟಾಸ್ಕ್‌ಬಾರನ್ನು ಪಕ್ಕಕ್ಕೋ ಮೇಲಕ್ಕೋ ಸರಿಸುವ ಆಯ್ಕೆ ಇರಲಿಲ್ಲ, ಫೈಲನ್ನು ಎಳೆದು ಟಾಸ್ಕ್‌ಬಾರಿನ ಐಕಾನ್ ಮೇಲೆ ತಂದು ಬಿಡುವುದೂ ಆಗುತ್ತಿರಲಿಲ್ಲ. ಎಳೆದು ಬಿಡುವುದು 2022ರಲ್ಲಿ ವಾಪಸ್ ಬಂತು, ಪ್ರತಿ ವಿಂಡೋದ ಹೆಸರು ಬೇರೆ ಬೇರೆಯಾಗಿ ಕಾಣುವ ಆಯ್ಕೆ 2023ರಲ್ಲಿ. ಜನ ಬಿಡದೆ ಕೇಳುತ್ತಲೇ ಇದ್ದರು, ಹಾಗಾಗಿ ನೀವೂ ಬರೆದು ಕೇಳಿ.

ಎಲ್ಲ ತೆಗೆದುಹಾಕುವಿಕೆಯೂ ಅನ್ಯಾಯ ಅಂತ ನಾನು ಹೇಳಲ್ಲ. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರಿನ 57ನೇ ಆವೃತ್ತಿ ಬಂದಾಗ ಹಳೇ ಬಗೆಯ ಆಡ್-ಆನ್‌ಗಳೆಲ್ಲ (ಬ್ರೌಸರಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂಗಳು) ನಿಂತುಹೋದವು, ತುಂಬಾ ಜನರಿಗೆ ತೊಂದರೆಯಾಯಿತು. ಆದರೆ ಆ ಆಡ್-ಆನ್‌ಗಳಿಗೆ ಬ್ರೌಸರಿನ ಒಳಗೆಲ್ಲ ಕೈಹಾಕಲು ಬಿಟ್ಟಿದ್ದರು, ಅದನ್ನು ಹಾಗೇ ಇಟ್ಟುಕೊಂಡು ವೇಗ, ಭದ್ರತೆ ಹೆಚ್ಚಿಸುವುದು ಕಷ್ಟವಿತ್ತು. ಟೂಲ್‌ಬಾರ್ ಜೋಡಣೆ ಕಿತ್ತುಹಾಕಲು ಅಂಥ ಕಾರಣ ನನಗಂತೂ ಕಾಣುತ್ತಿಲ್ಲ.

ನಿಧಾನ:
ದಾರಿ ಇದೆ, ಆದರೆ ಎಲ್ಲ ಸಾಫ್ಟ್‌ವೇರಿಗೂ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಇಎಸ್‌ಆರ್ ಅಂತ ಒಂದು ಆವೃತ್ತಿ ಇದೆ, ಭದ್ರತೆಯ ತಿದ್ದುಪಡಿ ಬರುತ್ತಲೇ ಇರುತ್ತದೆ, ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ ಮಾತ್ರ. ಉಬುಂಟು ಆಪರೇಟಿಂಗ್ ಸಿಸ್ಟಂನ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲವಿರುವ) ಆವೃತ್ತಿಗೆ 5 ವರ್ಷ ಹೀಗೆ ತಿದ್ದುಪಡಿ ಸಿಗುತ್ತದೆ. ನಿಮ್ಮ ಸಾಫ್ಟ್‌ವೇರಿಗೂ ಇಂಥದ್ದು ಇದೆಯಾ ನೋಡಿ. ಹಳೇ ಆವೃತ್ತಿಯನ್ನೇ ಹಾಕಿಕೊಂಡು ಅಪ್‌ಡೇಟ್ ನಿಲ್ಲಿಸುವುದು ಮಾತ್ರ ಬೇಡ. ಪಿಡಿಎಫ್ ಹೊರಗಿನಿಂದ ಬರುವ ಫೈಲ್ ಅಲ್ವಾ, ಅದರ ಮೂಲಕವೇ ದಾಳಿ ಆಗಬಹುದು.

ದನಿ_ಓದು:
ನನಗೆ ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ನಮಗೆ ಶಾರ್ಟ್‌ಕಟ್ ಅಂದರೆ ಬರೀ ಅನುಕೂಲ ಅಲ್ಲ, ಕೆಲಸ ಮಾಡುವ ರೀತಿಯೇ ಅದು. ಹೊಸ ವಿನ್ಯಾಸದಲ್ಲಿ ಬಟನ್ ಮೇಲಿನ ಹೆಸರು ತೆಗೆದು ಚಿತ್ರ ಮಾತ್ರ ಇಡುತ್ತಾರೆ, ಒಳಗೆ ಕೋಡಿನಲ್ಲೂ ಹೆಸರು ಕೊಡದಿದ್ದರೆ ನನಗೆ ‘ಬಟನ್, ಬಟನ್, ಬಟನ್’ ಅಂತಷ್ಟೇ ಕೇಳಿಸುತ್ತದೆ. ಕಂಪನಿಗೆ ಬರೆಯುವಾಗ ದಯವಿಟ್ಟು ಇದನ್ನೂ ಸೇರಿಸಿ.

ಕೀಲಿಮಣೆ:
ಖಂಡಿತ ಸೇರಿಸುತ್ತೇನೆ. ಹಳೇ ಆವೃತ್ತಿಗೆ ಹೋಗುವ ಯೋಚನೆ ಬಿಟ್ಟೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದಾಗ ಹೈಲೈಟ್ ಶಾರ್ಟ್‌ಕಟ್ ಮತ್ತೆ ಆನ್ ಮಾಡುವ ಆಯ್ಕೆ ಸಿಕ್ಕಿತು, ಸುಮ್ನೆ ಆಫ್ ಮಾಡಿಟ್ಟಿದ್ದಾರೆ. ಟೂಲ್‌ಬಾರಿಗೆ ಇನ್ನೂ ಏನೂ ಸಿಕ್ಕಿಲ್ಲ, ಯಾರಿಗಾದರೂ ಗೊತ್ತಿದ್ದರೆ ಹೇಳಿ.